ಬಲಿಗೆ ಬಿಟ್ಟ ಬೂದುಗುಂಬಳ

ಅಸೂಯೆ ಮನುಷ್ಯಕುಲದಷ್ಟೇ ಹಳೆಯದು. ಅದು ಸಿಂಹಾಸನಗಳನ್ನು ಉರುಳಿಸಿದೆ, ಅಣ್ಣತಮ್ಮಂದಿರನ್ನು ಯುದ್ಧಭೂಮಿಯಲ್ಲಿ ಎದುರುಬದುರು ನಿಲ್ಲಿಸಿದೆ, ಕಾಡಿಗೆ ಹೋಗಿ ಕಣ್ಣು ಮುಚ್ಚಿ ಕೂತವರನ್ನೂ ಬಿಟ್ಟಿಲ್ಲ. ನನ್ನ ಪಾಲಿಗೆ ಬಂದದ್ದು ಮಾತ್ರ ತರಕಾರಿಗೆ ಸಂಬಂಧಪಟ್ಟದ್ದು.

ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ನಮ್ಮ ಪಕ್ಕದ ಮನೆಯಲ್ಲೇ ಇದ್ದಾನೆ. ಮನೆಮಾತಿನಲ್ಲಿ ನಾವು ಒಬ್ಬರನ್ನೊಬ್ಬರು ತಮಿಳಿನವರ ಹಾಗೆ ‘ಸಕಲೆ’ ಎಂದು ಕರೆಯುತ್ತೇವೆ. ತಮಿಳುನಾಡಿನ ಕಂಬಂ ಪೇಟೆಯ ಹೊರಗೆ, ದ್ರಾಕ್ಷಿ ಚಪ್ಪರಗಳು ಮುಗಿದು ಮನೆಗಳು ಶುರುವಾಗುವ ಕಡೆ, ಅಕ್ಕತಂಗಿಯರಿಬ್ಬರೂ ಹಟ ಹಿಡಿದು ಪಕ್ಕಪಕ್ಕದ ನಿವೇಶನಗಳನ್ನು ಕೊಳ್ಳಿಸಿದರು. ಎರಡು ಹಿತ್ತಿಲಿಗೂ ಒಂದೇ ಮಣ್ಣು. ಎರಡಕ್ಕೂ ಪಾಲಿನಲ್ಲಿ ಹಾಕಿಸಿದ ಒಂದೇ ಬೋರಿನ ನೀರು. ನಡುವೆ ಎದೆಮಟ್ಟದ ಗೋಡೆ. ಹೈಸ್ಕೂಲಿನಲ್ಲಿ ಬಹಳ ಕಾಲ ಭೂಗೋಳ ಹೇಳಿಕೊಟ್ಟವನು ನಾನು. ಮಣ್ಣು, ನೀರು, ಬಿಸಿಲು ಸಮನಾಗಿದ್ದರೆ ಬೆಳೆಯೂ ಸಮನಾಗಿರುತ್ತದೆ ಎಂದು ಮಕ್ಕಳಿಗೆ ನಂಬಿಸಿದ್ದೆ. ಆ ಮಕ್ಕಳಲ್ಲಿ ಯಾರಾದರೂ ಈಗ ಬಂದು ನಮ್ಮ ಗೋಡೆಯ ಎರಡೂ ಬದಿ ನೋಡಿದರೆ ನನ್ನ ಪಿಂಚಣಿಯನ್ನು ವಾಪಸು ಕೇಳಬಹುದು.

ಷಡ್ಡಕನದು ಪೇಟೆಯಲ್ಲಿ ಪಾತ್ರೆ ಅಂಗಡಿ. ಅವನು ತೋಟ ಮಾಡುವ ರೀತಿಯನ್ನು ತೋಟ ಮಾಡುವುದು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಂಗಡಿಗೆ ಹೊರಡುವ ಮುಂಚೆ ಚಪ್ಪಲಿ ಹಾಕಿಕೊಂಡೇ ಪಾತಿಗಳ ನಡುವೆ ಒಂದು ಸುತ್ತು ಬರುತ್ತಾನೆ. ಕೈಯಲ್ಲಿ ಫೋನು, ಫೋನಿನಲ್ಲಿ ಹಾಡು. ನೀರಿನ ಪೈಪನ್ನು ಯಾವುದೋ ಗಿಡದ ಬುಡದಲ್ಲಿ ಎಸೆದು ಒಳಗೆ ಹೋಗಿ ದೋಸೆ ತಿನ್ನುತ್ತಾನೆ. ದೋಸೆ ಎಷ್ಟೋ ನೀರೂ ಅಷ್ಟು. ನಾನಾದರೋ ಗೊಬ್ಬರವನ್ನು ಜರಡಿ ಹಿಡಿಯುವವನು. ಕುರಿಗೊಬ್ಬರ, ಬೇವಿನ ಹಿಂಡಿ, ಸೋಸಿದ ಕೆಮ್ಮಣ್ಣು, ಯಾವುದು ಯಾವ ಪಾತಿಗೆ ಎಂದು ಯೋಚಿಸಿ ಹಾಕುವವನು. ಪಂಗುಣಿ ತಿಂಗಳ, ಎಂದರೆ ಮಾರ್ಚ್ ಕೊನೆಯ, ಬಿಸಿಲು ಏರುವ ಹೊತ್ತಿಗೆ ನನ್ನ ಬದನೆಗಿಡಗಳು ಒಂದೊಂದೂ ತಲಾ ನಾಲ್ಕು ಎಲೆ ಬಿಟ್ಟು, ಮುಂದೇನು ಮಾಡಬೇಕೆಂದು ನನ್ನ ಅಪ್ಪಣೆಗೆ ಕಾಯುತ್ತಿರುವಂತೆ ನಿಂತಿದ್ದವು. ಗೋಡೆಯ ಆಚೆ ಯಾರ ಅಪ್ಪಣೆಯನ್ನೂ ಕೇಳದೆ ಬದನೆ ಕಾಯಿಬಿಟ್ಟಿತ್ತು.

ಹೂವಿನ ವಿಷಯ ಇನ್ನೂ ಕೆಟ್ಟದು. ಬತ್ತಲಗುಂಡಿನ ಸಂತೆಯಲ್ಲಿ ಒಂದೇ ಗಾಡಿಯಿಂದ ಎರಡು ಮಲ್ಲಿಗೆ ಸಸಿ ತಂದೆವು. ಆರಿಸಿದವನು ನಾನು. ಚೆನ್ನಾಗಿದ್ದದ್ದನ್ನು ನಾನಿಟ್ಟುಕೊಂಡು, ಬುಡ ಸೊಟ್ಟಗಿದ್ದದ್ದನ್ನು ದೊಡ್ಡ ಮನಸ್ಸಿನಿಂದ ಅವನಿಗೆ ಕೊಟ್ಟೆ. ಏಪ್ರಿಲ್ ನಡುವೆ ಚಿತ್ತಿರೈ ತಿಂಗಳು ಹುಟ್ಟುವಷ್ಟರಲ್ಲಿ ಆ ಸೊಟ್ಟ ಬುಡ ಪೊದೆಯಾಗಿ, ದಿನಾ ಸಂಜೆ ನಾದಿನಿ ಗೋಡೆಯ ಮೇಲಿಂದ ನನ್ನ ಹೆಂಡತಿಗೆ ಒಂದು ಮೊಳ ಕಟ್ಟಿದ ಮಲ್ಲಿಗೆ ಕೊಡತೊಡಗಿದಳು. ಪ್ರೀತಿಯಿಂದಲೇ ಕೊಡುತ್ತಿದ್ದಳು. ಅದೇ ತೊಂದರೆ. ಯುದ್ಧದಲ್ಲಿ ಸೋತವನಿಗೆ ಗೆದ್ದವರು ಕಪ್ಪ ಕೇಳುವುದನ್ನು ಓದಿದ್ದೇವೆ. ನಮ್ಮಲ್ಲಿ ಗೆದ್ದವರೇ ದಿನಾ ಕಪ್ಪ ಕಳಿಸುತ್ತಿದ್ದರು. ನಮ್ಮ ಗಿಡದ ಹೂವನ್ನು ನನ್ನ ಹೆಂಡತಿ ದೇವರ ಪಟಕ್ಕೆ ಇಡುತ್ತಿದ್ದಳು. ಪಟ ಚಿಕ್ಕದಾದ್ದರಿಂದ ಸಾಕಾಗುತ್ತಿತ್ತು.

ಇಷ್ಟನ್ನು ನಾನು ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಉಳಿದದ್ದು ಬೂದುಗುಂಬಳ.

ನಮ್ಮ ಪೂರ್ವಿಕರು ಎಷ್ಟೋ ತಲೆಮಾರಿನ ಹಿಂದೆ ಉತ್ತರದಿಂದ ಇಳಿದು ಬಂದು ಈ ಕಣಿವೆಯಲ್ಲಿ ಬೇಸಾಯ ಹೂಡಿದವರು. ಬರುವಾಗ ಎರಡು ಆಸ್ತಿ ತಂದರಂತೆ: ಒಂದು ಕನ್ನಡ, ಇನ್ನೊಂದು ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿದ ಬೂದುಗುಂಬಳದ ಬಿತ್ತ. ಇದಕ್ಕೆ ಆಧಾರ ನಮ್ಮ ಅತ್ತೆ. ನನ್ನ ಹೆಂಡತಿಯ ದೊಡ್ಡಮ್ಮ ಅವರು. ಅಳಿಯಂದಿರಾದ ನಮಗೆ ಅತ್ತೆ. ಇಲ್ಲೇ ಹತ್ತಿರದ ಗೂಡಲೂರಿನಲ್ಲಿದ್ದಾರೆ. ಇಷ್ಟು ಕಾಲದಲ್ಲಿ ಕನ್ನಡ ಅರ್ಧಕ್ಕರ್ಧ ತಮಿಳಾಗಿ ಹೋದರೂ ಕುಂಬಳ ಮಾತ್ರ ಬೆರಕೆಯಾಗದೆ ಉಳಿದಿದೆ ಎಂಬುದು ಅವರ ವಾದ. ಬೆರಕೆಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನೂ ಅವರೇ ವಹಿಸಿಕೊಂಡಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಬಸ್ಸು ಹತ್ತಿ ನೆಂಟರ ಹಿತ್ತಿಲುಗಳನ್ನೆಲ್ಲ ನೋಡಿ, ಎಲ್ಲಕ್ಕಿಂತ ಒಳ್ಳೆಯ ಒಂದು ಕಾಯಿ ಆರಿಸಿ, ತಮ್ಮ ಹಳೆಯ ಸೀರೆಯ ಚಿಂದಿಯನ್ನು ಅದರ ತೊಟ್ಟಿಗೆ ಕಟ್ಟುತ್ತಾರೆ. ಚಿಂದಿ ಕಟ್ಟಿದ ಕಾಯನ್ನು ಯಾರೂ ಕೊಯ್ಯುವಂತಿಲ್ಲ. ಅದು ಬಳ್ಳಿಯಲ್ಲೇ ಪೂರಾ ಬಲಿತು, ಮೈಮೇಲೆ ಬೂದಿ ಕೂತು, ಬಳ್ಳಿ ಒಣಗಿದ ಮೇಲೆ ಅತ್ತೆಯ ಕೈಯಿಂದಲೇ ಒಡೆಸಿಕೊಂಡು, ಜುಲೈ ನಡುವೆ ಹುಟ್ಟುವ ಆಡಿ ತಿಂಗಳಲ್ಲಿ ಅದರ ಬಿತ್ತ ಎಲ್ಲ ನೆಂಟರ ಮನೆಗೂ ಹೋಗುತ್ತದೆ. ‘ಈ ಸಲ ಬಿತ್ತ ಯಾರ ಮನೇದು?’ ಎಂದು ಮದುವೆ ಮನೆಗಳಲ್ಲಿ ಕೇಳುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಷಡ್ಡಕನ ಮನೇದು. ಅದಕ್ಕೂ ಹಿಂದಿನದರಲ್ಲಿ ಷಡ್ಡಕನ ಮನೇದು. ನಮ್ಮ ಹಿತ್ತಿಲಿಗೆ ಒಂದು ಸಲವೂ ಒಂದು ಗೇಣು ಚಿಂದಿ ಬಂದಿರಲಿಲ್ಲ. ಸರಕಾರ ಕೊಡುವ ಯಾವ ಬಿರುದನ್ನೂ ನಾನು ಬಯಸಿದವನಲ್ಲ. ಆ ಚಿಂದಿ ಮಾತ್ರ ನನಗೆ ಬೇಕಿತ್ತು.

ಈ ವರ್ಷ ಬೇಸಿಗೆ ಬೆಳೆಗೆಂದು ಇಬ್ಬರೂ ಒಂದೇ ದಿನ ಬಿತ್ತ ಊರಿದೆವು. ನಾನು ಗುಂಡಿ ತೆಗೆದು, ಒಣಗೊಬ್ಬರ ಹಾಸಿ, ಬಿತ್ತದ ಮೂತಿ ಯಾವ ಕಡೆ ಇರಬೇಕೆಂದು ನೋಡಿ ಇಟ್ಟೆ. ಅವನು ಹೆಬ್ಬೆರಳಿನಿಂದ ಒತ್ತಿದ. ಅವನ ಬಳ್ಳಿ ಮೊದಲು ನೆಲದಲ್ಲಿ ಹರಡಿ, ಆಮೇಲೆ ಗೋಡೆ ಹತ್ತಿ, ನಮ್ಮ ಹಿತ್ತಿಲನ್ನು ಒಂದು ಸಲ ಇಣುಕಿ ನೋಡಿ, ವಾಪಸು ತನ್ನ ಕಡೆಗೇ ತಿರುಗಿತು. ನಾನು ಕಣ್ಣಾರೆ ಕಂಡದ್ದು. ನನ್ನ ಬಳ್ಳಿಯಲ್ಲಿ ಗಂಡುಹೂಗಳು ಜಾಸ್ತಿ, ಹೆಣ್ಣುಹೂ ಅಪರೂಪ. ಬಿಟ್ಟ ಒಂದೆರಡು ಪಿಂದೆಯೂ ಹಳದಿಯಾಗಿ ಉದುರಿದವು. ದುಂಬಿಗಳೂ ಆಚೆಯ ಬದಿಯನ್ನೇ ಮೆಚ್ಚಿಕೊಂಡದ್ದರಿಂದ ನಾನೇ ಬೆಳಗಾಗೆದ್ದು ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುವ ಕೆಲಸಕ್ಕೆ ಇಳಿದೆ. ಹೆಂಡತಿ ಕಾಫಿ ಲೋಟ ಹಿಡಿದುಕೊಂಡು ಬಂದು ಸ್ವಲ್ಪ ಹೊತ್ತು ನೋಡಿದಳು.

“ಹೂವಿಗೆ ಗಂಡು ಹುಡುಕೋ ಬ್ರೋಕರ್ ಆಗ್ಬುಟ್ರಿ,” ಎಂದಳು. “ಮಗಳಿಗೆ ಮಾಪ್ಳೆ ನೋಡೋವಾಗ ಒಂದು ದಿವಸ ಇಷ್ಟು ಬೇಗ ಎದ್ದೋರಲ್ಲ.”

ಆ ಸಂಬಂಧಗಳಲ್ಲಿ ಎರಡು ಕುದುರಿದವು. ಎರಡು ಕಾಯಿ ನಿಂತವು. ಒಂದನ್ನು ಹೆಂಡತಿ ನಾನು ಮನೆಯಲ್ಲಿಲ್ಲದಾಗ ಕೊಯ್ದು ಮಜ್ಜಿಗೆಹುಳಿ ಮಾಡಿದಳು. ರುಚಿಯಾಗಿತ್ತು, ಆದರೆ ಅದು ಬೇರೆ ಮಾತು. ಇನ್ನೊಂದರ ಸುತ್ತ ನಾಲ್ಕು ಕಲ್ಲಿಟ್ಟು, ಕೆಳಗೆ ಒಣಹುಲ್ಲು ಹಾಸಿ, ಇದಕ್ಕೆ ಕೈ ಹಾಕಿದರೆ ಮನೆ ಎರಡಾಗುತ್ತದೆ ಎಂದು ತಿಳಿಸಿದೆ. ಅಷ್ಟರಲ್ಲಿ ಷಡ್ಡಕ ತನ್ನ ಅತಿ ದೊಡ್ಡ ಕಾಯಿಯ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಗಾತ್ರ ಗೊತ್ತಾಗಲೆಂದು ಪಕ್ಕದಲ್ಲಿ ತನ್ನ ಅಂಗಡಿಯ ಇಡ್ಲಿ ಪಾತ್ರೆಯೊಂದನ್ನು ಇಟ್ಟಿದ್ದ. ಇಡ್ಲಿ ಪಾತ್ರೆ ಸಣ್ಣದಾಗಿ ಕಂಡಿತು.

ಚಿತ್ತಿರೈ ಅರ್ಧ ಕಳೆದ ಮೇಲೆ ಅತ್ತೆ ಬಂದರು. ಮೊದಲು ನಮ್ಮ ಹಿತ್ತಿಲಿಗೇ ಬಂದದ್ದು ನನಗೆ ಒಳ್ಳೆಯ ಶಕುನವೆನಿಸಿತು. ಬದನೆ ನೋಡಿದರು, ಬೆಂಡೆ ನೋಡಿದರು, ಕನಕಾಂಬರದ ಪಾತಿಯ ಹತ್ತಿರ ಒಂದು ಕ್ಷಣ ನಿಂತರು. ಕಲ್ಲಿನ ಕಾವಲಿನಲ್ಲಿದ್ದ ಕುಂಬಳವನ್ನು ಬಗ್ಗಿ ನೋಡಿದರು. ಆಮೇಲೆ ಒಂದು ಹಿಡಿ ಮಣ್ಣು ಎತ್ತಿ ಬೆರಳಲ್ಲಿ ಉದುರಿಸಿದರು.

“ಮಣ್ಣು ಚೆನ್ನಾಗೈತೆ ಮಾಪ್ಳೆ,” ಎಂದರು.

ಊಟಕ್ಕೆ ಕೂತವರು ಅಡಿಗೆಯವಳಿಗೆ ಬಾಳೆಲೆ ಚೆನ್ನಾಗಿದೆ ಎಂದರೆ ಅವಳು ಏನೆಂದುಕೊಳ್ಳುತ್ತಾಳೋ ನಾನೂ ಅದನ್ನೇ ಅಂದುಕೊಂಡೆ. ಅವರು ಆಚೆ ಮನೆಗೆ ಹೋದರು. ಗೋಡೆಯ ಪಕ್ಕದಲ್ಲಿ ಕಳೆ ಕೀಳುವ ತುರ್ತು ಕೆಲಸ ನನಗೆ ಆಗಲೇ ನೆನಪಾಯಿತು.

ಷಡ್ಡಕ ಅಂಗಡಿಯಲ್ಲಿದ್ದ. ನಾದಿನಿ ಬತ್ತಲಗುಂಡಿಗೆ ಮದುವೆಯೊಂದಕ್ಕೆ ಹೋಗಿದ್ದಳು. ಮನೆಯಲ್ಲಿದ್ದವಳು ಅವರ ಸೊಸೆ ಒಬ್ಬಳೇ. ಹೋದ ವರ್ಷ ಮದುವೆಯಾಗಿ ಬಂದವಳು, ದಿಂಡಿಗಲ್ಲಿನಲ್ಲಿ ಹುಟ್ಟಿ ಓದಿದವಳು. ನಮ್ಮವರೇ. ಅವಳ ಅಪ್ಪ ಅಮ್ಮ ಮನೆಯಲ್ಲಿ ನಮ್ಮ ಮಾತನ್ನೇ ಆಡುತ್ತಾರೆ; ಅವಳು ಅದನ್ನು ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಟ್ಟು ಬೆಳೆದವಳು. ಗಂಡನ ಮನೆಯಲ್ಲಿ ಹಾಗಾಗಬಾರದೆಂದು ಕಷ್ಟಪಟ್ಟು ಕನ್ನಡ ಜೋಡಿಸಿ ಮಾತಾಡುತ್ತಾಳೆ. ಒಳ್ಳೆಯ ಹುಡುಗಿ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವಳು.

ಅತ್ತೆ ಚಿಂದಿ ಹರಿಯುವ ಸದ್ದು ಕೇಳಿಸಿತು. ನಾನು ಕಳೆಯ ಬದಲು ಒಂದು ಮೆಣಸಿನ ಸಸಿ ಕಿತ್ತಿದ್ದೆ.

“ಇದು ಬಲಿಗ್ ಬಿಟ್ಟದು ಕಣಮ್ಮಾ,” ಅತ್ತೆ ಹೇಳುತ್ತಿದ್ದರು. “ಯಾರೂ ಕೈ ಇಕ್ಕಬಾರದು. ನೀನೇ ನೋಡ್ಕೋ.”

“ಸರಿ ಅಜ್ಜಿ. ನಾನೇ ನೋಡ್ಕೊಳ್ತೀನಿ.”

ಅಲ್ಲಿಗೆ ಆ ವರ್ಷದ ನನ್ನ ಆಸೆ ಮುಗಿಯಿತು. ಮುಂದಿನ ದಿನಗಳಲ್ಲಿ ನಾನು ಹಿತ್ತಿಲಿನಲ್ಲಿ ಯಾವ ಮೂಲೆಯಲ್ಲಿ ನಿಂತರೂ ಗೋಡೆಯ ಮೇಲಿಂದ ಆ ಚಿಂದಿ ಕಾಣುತ್ತಿತ್ತು. ಗಾಳಿಗೆ ಆಡುತ್ತಿತ್ತು. ಕಾಯಿ ದಿನದಿಂದ ದಿನಕ್ಕೆ ಊದುತ್ತಿತ್ತು. ಎಳೆಗಾಯಿಯ ಮೇಲಿನ ರೋಮ ಇನ್ನೂ ಉದುರಿರಲಿಲ್ಲ, ಬೂದಿ ಕೂತಿರಲಿಲ್ಲ. ಆಗಲೇ ಆ ಗಾತ್ರ. ನಾನು ನೋಡಬಾರದೆಂದು ನಿಶ್ಚಯಿಸಿ, ನೋಡದೇ ಇರುವುದು ಸರಿಯಾಗಿ ನಡೆಯುತ್ತಿದೆಯೇ ಎಂದು ಆಗಾಗ ನೋಡುತ್ತಿದ್ದೆ. ಅದೇ ದಿನಗಳಲ್ಲಿ ನಾದಿನಿಯ ಮಲ್ಲಿಗೆ ಮೊಗ್ಗು ಉದುರತೊಡಗಿತು. ತೋಟಕ್ಕೆ ಯಾರದೋ ಕಣ್ಣು ಬಿದ್ದಿದೆ ಎಂದು ಅವಳು ಗೋಡೆಯ ಬಳಿ ನಿಂತು ನನ್ನ ಹೆಂಡತಿಗೆ ಹೇಳಿದಳು. ಹೆಂಡತಿ ತಕ್ಷಣ ನನ್ನನ್ನು ಕಾಫಿಗೆಂದು ಒಳಗೆ ಕರೆದಳು.

ಅಮಾವಾಸ್ಯೆಯ ದಿನ ನಾನು ಪೆರಿಯಕುಳಕ್ಕೆ ಹೋಗಿದ್ದೆ. ಪರಿಚಯದವರ ತೋಪಿನಲ್ಲಿ ಮಾವು ಇಳಿಸುತ್ತಿದ್ದರು. ಒಂದು ಚೀಲ ಹಣ್ಣು ತರುವುದಿತ್ತು. ಅದರ ಹಿಂದೆ ಇನ್ನೊಂದು ಉದ್ದೇಶವೂ ಇತ್ತು: ಒಂದು ದಿನವಾದರೂ ಆ ಚಿಂದಿ ಕಾಣದ ಊರಿನಲ್ಲಿರುವುದು. ಸಂಜೆ ಬಸ್ಸಿಳಿದು ನಮ್ಮ ಬೀದಿಯ ಮೂಲೆಗೆ ಬಂದಾಗ, ಮೂರು ದಾರಿ ಕೂಡುವಲ್ಲಿ ಒಡೆದ ಬೂದುಗುಂಬಳ ಬಿದ್ದಿತ್ತು. ಅಮಾವಾಸ್ಯೆಗೆ ಅಂಗಡಿಯವರು, ಮನೆಯವರು ದೃಷ್ಟಿ ತೆಗೆದು ಕುಂಬಳ ಒಡೆಯುವುದು ಈ ಸೀಮೆಯಲ್ಲಿ ಎಲ್ಲೆಲ್ಲೂ ಇದ್ದದ್ದೇ. ಪಕ್ಕಕ್ಕೆ ಸರಿದು ಹೋಗುತ್ತಿದ್ದೆ. ಕುಂಕುಮ ಮೆತ್ತಿದ ತಿರುಳಿನ ನಡುವೆ ತೊಟ್ಟು ಕಂಡಿತು. ತೊಟ್ಟಿಗೆ ಕಟ್ಟಿದ ಚಿಂದಿಯೂ ಕಂಡಿತು.

ಮಾವಿನ ಚೀಲವನ್ನು ನೆಲಕ್ಕಿಟ್ಟು ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದು ದುಃಖ ಎಂದು ಬರೆದರೆ ಓದುವವರು ನಂಬಲಾರರು. ಆದರೆ ಪೂರಾ ಸಂತೋಷವೂ ಅಲ್ಲ. ಒಡೆದು ಚೂರಾಗಿ ಬಿದ್ದರೂ ಅದು ದಾರಿಯನ್ನು ಎಷ್ಟು ಅಗಲಕ್ಕೆ ಆಕ್ರಮಿಸಿಕೊಂಡಿತ್ತು ಎಂದರೆ, ನನ್ನದನ್ನು ಒಡೆದಿದ್ದರೆ ಅದರ ಅರ್ಧವೂ ಆಗುತ್ತಿರಲಿಲ್ಲ ಎಂಬ ಲೆಕ್ಕ ಆಗಲೇ ತಲೆಯಲ್ಲಿ ಮುಗಿದಿತ್ತು.

ಷಡ್ಡಕನ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿದ್ದರು. ನನ್ನ ಹೆಂಡತಿಯೂ ಅಲ್ಲಿದ್ದಳು. ವಿಷಯ ಆಗಷ್ಟೇ ಹೊರಬಿದ್ದಿತ್ತು. ಸೊಸೆ ಕಂಬಕ್ಕೆ ಒರಗಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ದಿಂಡಿಗಲ್ಲಿನಲ್ಲಿ ಅವಳ ಅಪ್ಪನ ಅಂಗಡಿಯ ಮುಂದೆ ಪ್ರತಿ ಅಮಾವಾಸ್ಯೆ ಕುಂಬಳ ಒಡೆಯುವುದನ್ನು ನೋಡಿ ಬೆಳೆದವಳು. ಗಂಡನ ಮನೆಯವರು ಕಣ್ಣು ಬಿದ್ದಿದೆ ಅನ್ನುತ್ತಲೇ ಇದ್ದರು. ತೋಟದಲ್ಲಿ ಕುಂಬಳ ಇದೆ, ಅದಕ್ಕೆ ಗುರುತು ಕಟ್ಟಿದೆ, ಬೇರೆ ಯಾರೂ ಮುಟ್ಟಬಾರದೆಂದು ಅಪ್ಪಣೆಯಾಗಿದೆ. ತಲೆಗೆ ಸ್ನಾನ ಮಾಡಿ, ತೋಟಕ್ಕೆಲ್ಲ ನಿವಾಳಿಸಿ, ಕುಂಕುಮ ತುಂಬಿ, ಮೂರು ದಾರಿಯಲ್ಲಿ ತಾನೇ ಒಡೆದು ಬಂದಿದ್ದಳು. ಚೆನ್ನಾಗಿ ಒಡೆಯಿತು ಎಂದು ನಾದಿನಿಗೆ ಹೇಳಿದಾಗಲೇ ಯಾವ ಕಾಯಿ ಎಂಬ ಪ್ರಶ್ನೆ ಬಂದದ್ದು.

“ಅಜ್ಜಿ ತಾನೇ ಹೇಳಿದ್ದು,” ಎಂದಳು ನನ್ನ ಕಡೆ ತಿರುಗಿ, “ಬಲಿಗೆ ಬಿಟ್ಟದು ಅಂತ. ನೀವೂ ಕೇಳಿರ್ತೀರ ಮಾಮಾ, ಗೋಡೆ ಹತ್ರಾನೇ ಇದ್ರಿ.”

ನಾನು ಕೇಳಿದ್ದೆ. ನನ್ನ ಕಿವಿಗೆ ಬಿದ್ದದ್ದು ಬಲಿಯಲು, ಮಾಗಲು ಬಿಟ್ಟದ್ದು ಎಂದು. ನಮ್ಮ ಮನೆಗಳಲ್ಲಿ ಹಳಬರೆಲ್ಲ ಹಾಗೇ ಅನ್ನುತ್ತಾರೆ. ತಮಿಳಿನಲ್ಲಿ ಕಾಯಿ ಬಲಿಯುವುದಿಲ್ಲ. ಅಲ್ಲಿ ಬಲಿ ಎಂದರೆ ದೇವರಿಗೋ ಭೂತಕ್ಕೋ ಕೊಡುವ ಬಲಿ ಒಂದೇ. ಅದೂ ಬೂದುಗುಂಬಳದ ಮುಂದೆ ನಿಂತು ಆ ಮಾತು ಹೇಳಿದರೆ ಯಾರಾದರೂ ಬೇರೆ ಏನೆಂದುಕೊಂಡಾರು? ಅವಳು ಮಾಡಿದ್ದರಲ್ಲಿ ಒಂದು ಲೋಪ ಹುಡುಕಲು ನನಗಾಗಲಿಲ್ಲ.

“ಕಣ್ಣು ಬಿದ್ದಿತ್ತಲ್ಲ ಮಾಮಾ, ಅದಕ್ಕೆ,” ಎಂದಳು ಇನ್ನೂ ಮೆಲ್ಲಗೆ.

ಹೆಂಡತಿ ನನ್ನನ್ನು ನೋಡಿದಳು. ನಾದಿನಿ ಮಲ್ಲಿಗೆ ಪೊದೆಯನ್ನು ನೋಡಿದಳು. ನಾನು ಮಾವಿನ ಚೀಲವನ್ನು ನೋಡಿ, ಹಣ್ಣು ತಗೊಳ್ಳಿ ಎಂದೆ. ಷಡ್ಡಕ ಒಂದು ಹಣ್ಣು ಎತ್ತಿ ಮೂಸಿ, “ಹೋದ್ರೆ ಹೋಗ್ಲಿ ಸಕಲೆ. ಕಣ್ಣು ಕಳೀತಲ್ಲ,” ಎಂದು ನಕ್ಕುಬಿಟ್ಟ. ನಾನು ಬೇಸಿಗೆಯೆಲ್ಲ ಯಾವುದಕ್ಕಾಗಿ ನಿದ್ದೆಗೆಟ್ಟಿದ್ದೆನೋ ಅದು ಕೈತಪ್ಪಿ ಹೋದದ್ದು ಅವನಿಗೆ ಒಂದು ಮಾವಿನ ಹಣ್ಣಿನಷ್ಟೂ ಅಲ್ಲ. ಅವನ ಕುಂಬಳ ಇದ್ದಾಗ ನನಗೆ ಕುಂಬಳದ ಮೇಲೆ ಹೊಟ್ಟೆಕಿಚ್ಚಿತ್ತು. ಕುಂಬಳ ಹೋದ ಮೇಲೆ ಅವನ ನಗುವಿನ ಮೇಲೆ ಶುರುವಾಯಿತು.

ಫೋನಿನಲ್ಲಿ ಸುದ್ದಿ ಹೋಗಿ, ಮಾರನೆಯ ದಿನ ಗೂಡಲೂರಿನ ಬಸ್ಸಿನಲ್ಲಿ ಅತ್ತೆ ಬಂದಿಳಿದರು. ಮನೆಗೆ ಬರುವ ಮುಂಚೆ ಮೂರು ದಾರಿಯ ಹತ್ತಿರವೇ ನಿಂತು ನೋಡಿದರಂತೆ. ತಿರುಳನ್ನು ದನ ತಿಂದಿತ್ತು; ಉಳಿದ ಬಿತ್ತ ಬಿಳಿಚಿಕೊಂಡು ಜೊಳ್ಳಾಗಿತ್ತು, ಊರಿದರೆ ಹುಟ್ಟುವಂಥದ್ದಲ್ಲ. ಜಗಲಿಯಲ್ಲಿ ಕೂತು ಸೊಸೆಯ ಬಾಯಿಂದ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಬಯ್ಯುತ್ತಾರೆಂದು ಎಲ್ಲರೂ ಕಾಯುತ್ತಿದ್ದೆವು. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

“ತಪ್ಪು ನಿಂದಲ್ಲಮ್ಮಾ. ನನ್ ಮಾತು ಹಳೇದಾಗೋಯ್ತು,” ಎಂದರು. “ಇನ್ಮೇಲೆ ‘ಮುತ್ತಟ್ಟು’ ಅಂತೀನಿ. ಗೊತ್ತಾಯ್ತದೆ ತಾನೆ?”

ಗೊತ್ತಾಗುತ್ತದೆ ಎಂದು ಅವಳು ತಲೆಯಾಡಿಸಿದಳು. ಕಾಯಿ ಬಲಿಯಲಿ ಎನ್ನುವುದಕ್ಕೆ ತಮಿಳಿನವರ ಮಾತು ಅದು. ಅಷ್ಟು ದೂರದಿಂದ ಹೊತ್ತು ತಂದ ಎರಡು ಆಸ್ತಿಗಳಲ್ಲಿ ಕುಂಬಳವನ್ನು ಉಳಿಸಿಕೊಳ್ಳಲು ಅತ್ತೆ ಕನ್ನಡದಲ್ಲಿ ಒಂದು ಮಾತನ್ನು ಬಿಟ್ಟುಕೊಟ್ಟರು. ವ್ಯವಹಾರ ಒಂದು ಕ್ಷಣದಲ್ಲಿ ಮುಗಿಯಿತು. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ, ನನ್ನ ಗಮನ ಬೇರೆ ಕಡೆ ಇತ್ತು. ಏಕೆಂದರೆ ಅತ್ತೆಯ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

ಬೇರೆ ಕಾಯಿ ಎಲ್ಲಿದೆ ಎಂದು ಕೇಳಿದರು. ಷಡ್ಡಕನ ಬಳ್ಳಿಯಲ್ಲಿ ಉಳಿದವನ್ನೆಲ್ಲ ನಾದಿನಿ ಬತ್ತಲಗುಂಡಿನ ಮದುವೆ ಅಡಿಗೆಗೆ ಕೊಟ್ಟಾಗಿತ್ತು. ಗೂಡಲೂರಿನ ನೆಂಟರ ಬಳ್ಳಿಗಳಿಗೆ ಹುಳ ಬಿದ್ದಿತ್ತು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಹಿತ್ತಿಲಿನಲ್ಲಿ ಒಂದಿದೆ ಎಂದು ನೆಲ ನೋಡಿಕೊಂಡು ಹೇಳಿದೆ. ಅತಿಯಾದ ವಿನಯ ನನಗೆ ಅಭ್ಯಾಸವಿಲ್ಲದ್ದು. ಧ್ವನಿ ಎಲ್ಲೋ ಒಡೆಯಿತು.

ಎಲ್ಲರೂ ಗೋಡೆ ಸುತ್ತಿ ಬಂದರು. ಅತ್ತೆ ಕಲ್ಲುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಕೂತರು. ಕಾಯನ್ನು ಬೆರಳಿನಿಂದ ತಟ್ಟಿದರು. ಉಗುರಿನಿಂದ ಒತ್ತಿದರು. ಒಂದು ಸಲ ತಲೆಯೆತ್ತಿ ಗೋಡೆಯ ಆಚೆ ಬರಿದಾದ ಬಳ್ಳಿಯ ಕಡೆ ನೋಡಿದರು. ಆ ನೋಟವನ್ನು ನಾನು ಕಂಡೆ.

“ಇರೋದು ಇದೇ ತಾನೆ,” ಎಂದು ಚಿಂದಿ ಹರಿದರು.

ಎಷ್ಟೋ ಬೇಸಿಗೆಗಳಿಂದ ನಾನು ಆ ಗಳಿಗೆಯನ್ನು ಮನಸ್ಸಿನಲ್ಲಿ ನಡೆಸಿ ನೋಡಿದ್ದೆ. ಅದರಲ್ಲಿ ಈ ವಾಕ್ಯ ಇರಲಿಲ್ಲ. ಆದರೂ ಚಿಂದಿ ಚಿಂದಿಯೇ. ಕಟ್ಟಿ ಮುಗಿದ ಮೇಲೆ, ಗಾತ್ರ ಸ್ವಲ್ಪ ಕಡಿಮೆಯಾಯಿತೇನೋ ಎಂದೆ, ಇಲ್ಲ ಎನ್ನುತ್ತಾರೆಂಬ ಆಸೆಯಲ್ಲಿ.

“ಬಿತ್ತಕ್ಕೆ ಗಾತ್ರ ಯಾಕೆ ಮಾಪ್ಳೆ? ಇದೂ ಅವನ್ ಹಿಂದಿನ್ ಕಾಯಿ ಮಗು ತಾನೆ.”

ಅದು ನಿಜವಾಗಿತ್ತು. ಹೋದ ವರ್ಷದ ಬಿತ್ತ ಷಡ್ಡಕನ ಮನೇದು. ಈ ನಿಜವನ್ನು ಅದೇ ಗಳಿಗೆಯಲ್ಲಿ, ಅವನು ಪಕ್ಕದಲ್ಲೇ ನಿಂತು ಹಲ್ಲುಕಡ್ಡಿ ಆಡಿಸುತ್ತಿರುವಾಗ, ನೆನಪಿಸುವ ಅಗತ್ಯವಿತ್ತೇ ಎಂದು ನಾನು ಇಂದಿಗೂ ಕೇಳಿಕೊಳ್ಳುತ್ತೇನೆ. ಹೋಗುವಾಗ ಅತ್ತೆ ನಾದಿನಿಯ ಹತ್ತಿರ ಎರಡು ಮೊಳ ಮಲ್ಲಿಗೆ ಕೇಳಿ ಇಸಕೊಂಡರು. ದೃಷ್ಟಿ ತೆಗೆದಾಗಿನಿಂದ ಮೊಗ್ಗು ಉದುರುವುದು ನಿಂತಿದೆ ಎಂದು ಅವಳು ಹೇಳುತ್ತಿದ್ದಳು.

ಸಂಜೆ ಚಿಂದಿ ಕಟ್ಟಿದ ಕಾಯಿಯ ಫೋಟೋ ತೆಗೆದು ನಾನೂ ಗುಂಪಿಗೆ ಹಾಕಿದೆ. ಪಕ್ಕದಲ್ಲಿ ಏನನ್ನೂ ಇಡಲಿಲ್ಲ. ಇದು ಕುಂಡದಲ್ಲಿ ಬೆಳೆಯುವ ಹೊಸ ಜಾತಿಯೇ ಎಂದು ಗೂಡಲೂರಿನಿಂದ ಒಬ್ಬರು ಕೇಳಿದರು. ಷಡ್ಡಕ ಎಲ್ಲರಿಗಿಂತ ಮೊದಲು ಕೆಂಪು ಹೃದಯ ಕಳಿಸಿದ. ಅದರಲ್ಲಿ ಕುಹಕ ಇರಬಹುದೆಂದು ಬಹಳ ಹೊತ್ತು ನೋಡಿದೆ. ಇರಲಿಲ್ಲ.

ಕಾಯಿಗೆ ಬೂದಿ ಕೂತಿತು. ಬಳ್ಳಿ ಒಣಗಿತು. ಆಡಿ ತಿಂಗಳು ಹುಟ್ಟಿದ ಮೇಲೆ ಅತ್ತೆ ಬಂದು, ನಮ್ಮ ಜಗಲಿಯಲ್ಲೇ ಕೂತು ಕಾಯಿ ಒಡೆದು, ಬಿತ್ತ ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಿಸಿ, ನೆಂಟರ ಮನೆಗಳಿಗೆಲ್ಲ ಪೊಟ್ಟಣ ಕಟ್ಟಿದರು. ಈ ಸಲ ಬಿತ್ತ ನಮ್ಮ ಮನೇದು ಎಂದು ಕೇಳಿದವರಿಗೆಲ್ಲ ಹೆಂಡತಿ ಹೇಳಿದಳು. ಕೇಳದವರಿಗೆ ನಾನು ಹೇಳಿದೆ. ಷಡ್ಡಕನೂ ನಾನೂ ಒಂದೇ ದಿನ ಬಿತ್ತ ಊರಿದೆವು. ನಾನು ಗುಂಡಿ ತೆಗೆದು ಗೊಬ್ಬರ ಹಾಸಿ ಇಟ್ಟೆ, ಅವನು ಹೆಬ್ಬೆರಳಿನಿಂದ ಒತ್ತಿದ.

ಅವನ ಬದಿಯಲ್ಲಿ ಹಾಕಿದ್ದೆಲ್ಲ ಮೊಳೆತಿದೆ. ನಮ್ಮ ಬದಿಯಲ್ಲಿ ಎರಡು ಮೊಳೆತಿವೆ.